ಎರಡು ಪಟ್ಟಿಯಲ್ಲೂ ಇಲ್ಲದವರು

2 ಡಿಸೆಂಬರ್ 2004, ಗುರುವಾರ

ಮಂಗಳೂರಿನಲ್ಲಿ ಸ್ಕ್ಯಾನಿಂಗ್ ಆಯಿತು. ಮಗು ಚೆನ್ನಾಗಿದೆಯಂತೆ. ಚೆನ್ನಾಗಿಲ್ಲದವಳು ನಾನು. ಮಾಸು ಕೆಳಗಿಳಿದು, ಮಗು ಹೊರಗೆ ಬರುವ ದಾರಿಗೇ ಅಡ್ಡ ಕುಳಿತಿದೆ ಎಂದರು ಡಾಕ್ಟರಮ್ಮ. ಹಾಗಾಗಿ ಫೆಬ್ರವರಿ ಎರಡನೆಯ ವಾರ ಆಪರೇಷನ್. ರಕ್ತ ತುಂಬ ಹೋಗಬಹುದು.

"ನಿಮ್ಮದು ಓ ನೆಗೆಟಿವ್. ನಿಮಗೆ ಅದು ಬಿಟ್ಟು ಬೇರೆ ಯಾವುದೂ ಆಗುದಿಲ್ಲ. ಬ್ಲಡ್ ಬ್ಯಾಂಕನ್ನು ನಂಬಿ ಕೂತ್ಕೊಳ್ಬೇಡಿ. ಕೊಡುವವರು ಇಬ್ಬರನ್ನಾದ್ರೂ ಈಗಲೇ ನೋಡಿ ಇಟ್ಕೊಳ್ಳಿ" ಎಂದರು, ಮದುವೆಗೆ ಅಡುಗೆಯವರನ್ನು ಗೊತ್ತು ಮಾಡಿ ಎನ್ನುವ ಹಾಗೆ.

ಬಸ್ಸಿನಲ್ಲಿ ಇವರು (ನನ್ನದೇ ಡೈರಿಯಲ್ಲಿ ಗಂಡನ ಹೆಸರು ಬರೆಯಲು ನಾಚಿಕೆ ಏಕೆ, ನಿಝಾರ್) ನಮ್ಮ ಊರು ತೋಡಾರು ಹತ್ತಿರ ಬರುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ, "ನನ್ನದೂ ಓ ತಾನೇ? ಪಾಸಿಟಿವ್ ಆದ್ರೆ ಎಂತ, ಅರ್ಧ ಆದ್ರೂ ಆಗುದಿಲ್ವಾ?" ಎಂದರು. ನನಗೆ ನಗು ಬಂತು. ನಗುವಾಗ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡೆ. ಎರಡು ವರ್ಷದ ಹಿಂದೆ ಐದನೆಯ ತಿಂಗಳಲ್ಲಿ ಹೋದ ಮಗು ನೆನಪಾಯಿತು. ಈ ಸಲ ನಾನೇ ಹೋಗಬಹುದು ಎಂದು ಈವತ್ತಿನವರೆಗೆ ಯೋಚಿಸಿರಲಿಲ್ಲ.

6 ಡಿಸೆಂಬರ್, ಸೋಮವಾರ

ಮೆಟ್ಟಿಲು ಹತ್ತಬಾರದು, ಭಾರ ಎತ್ತಬಾರದು. ಕುಳಿತು ಮಾಡುವ ಕೆಲಸ ಮಾಡಬಹುದು. ಮೂಡುಬಿದಿರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳಿಗೆ ಎಲ್ಲವೂ ಕುಳಿತು ಮಾಡುವ ಕೆಲಸವೇ ಎಂದು ಪ್ರಿನ್ಸಿಪಾಲರ ಲೆಕ್ಕ. ಜನವರಿಯ ಸೆಮಿನಾರಿಗೆ ಒಂದು ಪ್ರಬಂಧ ಬರೆಯಬೇಕಂತೆ. ವಿಷಯವನ್ನೂ ಅವರೇ ಕೊಟ್ಟರು: ಲಿನಕ್ಸ್ ವಿತರಣೆಗಳು ಒಂದರಿಂದೊಂದು ಕಲಿಯಬೇಕಾದದ್ದು. ವಿತರಣೆ ಎಂದರೆ, ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಒಂದೇ ಸಾಫ್ಟ್‌ವೇರನ್ನು ಬೇರೆ ಬೇರೆಯವರು ತಮ್ಮ ತಮ್ಮ ರೀತಿಯಲ್ಲಿ ಕಟ್ಟಿ ಕೊಡುವುದು.

"ನೀವೇ ಸರಿ ಮೇಡಂ. ನೀವು ಎರಡು ಪಕ್ಷದಲ್ಲೂ ಇಲ್ಲ" ಎಂದರು.

ಎರಡು ಪಕ್ಷ ಎಂದರೆ ಭವಿತ್ ಮತ್ತು ಇಮ್ತಿಯಾಝ್. ಭವಿತ್ ವೇಣೂರಿನವನು, ನನ್ನ ಜೊತೆ ಇದೇ ಲ್ಯಾಬಿನಲ್ಲಿ ಇರುವವನು. ಇಮ್ತಿಯಾಝ್ ನನ್ನ ಚಿಕ್ಕಮ್ಮನ ಮಗ, ವಾಮದಪದವಿನಲ್ಲಿ ಎಸ್‌ಟಿಡಿ ಬೂತ್ ಮತ್ತು ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಎರಡು ವರ್ಷದ ಹಿಂದೆ ನಮ್ಮ ಲ್ಯಾಬಿಗೆ ಯಾವ ಲಿನಕ್ಸ್ ಹಾಕಬೇಕು ಎಂದು ನಾನೇ ಇಬ್ಬರನ್ನೂ ಕೂರಿಸಿದ್ದೆ. ಭವಿತ್ ರೆಡ್ ಹ್ಯಾಟ್ ಎಂದ, ಇಮ್ತಿಯಾಝ್ ಡೆಬಿಯನ್ ಎಂದ. ಚಹಾ ಬರುವುದರೊಳಗೆ "ನಿನಗೆ ಎಂತ ಗೊತ್ತುಂಟು" ಎಂಬಲ್ಲಿಗೆ ಮುಟ್ಟಿತು. ಅಂದಿನಿಂದ ಮಾತಿಲ್ಲ. ಮನೆಯವರಿಗೆ ಇದನ್ನು ವಿವರಿಸುವುದು ಕಷ್ಟ. ಅಕ್ಕಿ ಒಂದೇ, ಒಬ್ಬರು ನೀರುದೋಸೆ ಮಾಡುತ್ತಾರೆ, ಇನ್ನೊಬ್ಬರು ಉಂಡೆ ಕಟ್ಟಿ ಬೇಯಿಸಿ ಪುಂಡಿ ಮಾಡುತ್ತಾರೆ ಎಂದು ನನ್ನ ಹೆತ್ತ ಉಮ್ಮನಿಗೆ ಹೇಳಿದ್ದೆ. "ಅದಕ್ಕೆ ಯಾರಾದ್ರೂ ಮಾತು ಬಿಡ್ತಾರಾ?" ಎಂದು ಕೇಳಿದ್ದರು ಉಮ್ಮ.

ಪ್ರಬಂಧ ಬರೆಯುತ್ತೇನೆ ಎಂದೆ. ಅದಕ್ಕೆ ಕಾರಣ ಲಿನಕ್ಸ್ ಅಲ್ಲ. ಭವಿತ್ ಅವರ ಊರಿನ ಯುವಕ ಮಂಡಲದ ರಕ್ತದಾನಿಗಳ ಪಟ್ಟಿ ಇಟ್ಟಿದ್ದಾನೆ. ಇಮ್ತಿಯಾಝ್ ವಾಮದಪದವಿನ ಸಂಘದ ಪಟ್ಟಿ ಇಟ್ಟಿದ್ದಾನೆ. ನನಗೆ ಎರಡೂ ಬೇಕು.

9 ಡಿಸೆಂಬರ್, ಗುರುವಾರ

ಭವಿತ್‌ಗೆ ಹೇಳಿದೆ. ಅವನ ಮುಖ ಸಣ್ಣಗಾಯಿತು. "ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ" ಎಂದು ಆಗಲೇ ಕಂಪ್ಯೂಟರಿನ ಮುಂದೆ ಕುಳಿತ. ರಕ್ತದ ಗುಂಪು ಒತ್ತಿದರೆ ಹೆಸರು ಬೀಳುವ ಹಾಗೆ ಅವನೇ ಪ್ರೋಗ್ರಾಂ ಬರೆದಿದ್ದಾನೆ. ಇನ್ನೂರ ಹತ್ತು ಮಂದಿಯಲ್ಲಿ ಓ ನೆಗೆಟಿವ್ ಇಬ್ಬರು. ಬರ್ಕೆ ಮನೆ ಸಂಕಪ್ಪ. ಭೋಜ. ಇಬ್ಬರಿಗೂ ಪಿ.ಪಿ. ನಂಬರು, ಎಂದರೆ ಪಕ್ಕದ ಮನೆಯದೋ ಅಂಗಡಿಯದೋ ಫೋನು.

"ಇವರು ಕೊನೆಗೆ ರಕ್ತ ಕೊಟ್ಟದ್ದು ಯಾವಾಗ?" ಎಂದು ಕೇಳಿದೆ. ಆ ಕಾಲಂ ಇಲ್ಲವಂತೆ. ಆ ಫೋನು ಯಾರದ್ದು ಎಂದೂ ಬರೆದಿಲ್ಲ.

ಅವನ ರೆಡ್ ಹ್ಯಾಟಿನ ಹಾಗೆಯೇ ಅವನ ಪಟ್ಟಿ. ಹಾಕಿದ ಕೂಡಲೇ ಮೌಸು, ಮಾನಿಟರು ಎಲ್ಲವನ್ನೂ ತಾನೇ ಗುರುತು ಹಿಡಿಯುತ್ತದೆ. ಆದರೆ ಒಂದು ಸಾಫ್ಟ್‌ವೇರ್ ಕೊಡು ಎಂದರೆ, ಅದಕ್ಕೆ ಮೊದಲು ಇಂಥದ್ದು ಬೇಕು ಎಂದು ಹೇಳಿ ಕೈ ಕಟ್ಟಿ ನಿಲ್ಲುತ್ತದೆ. ಅದನ್ನು ತಂದರೆ ಮತ್ತೊಂದು ಬೇಕು ಎನ್ನುತ್ತದೆ. ಇದನ್ನು ಪ್ರಬಂಧದಲ್ಲಿ ಬರೆದುಕೊಂಡೆ. ಬರೆಯುವಾಗ ಅರ್ಧ ಗಂಟೆ ಹೆದರಿಕೆ ಮರೆತಿತ್ತು.

13 ಡಿಸೆಂಬರ್, ಸೋಮವಾರ

ಇಮ್ತಿಯಾಝ್ ಪಟ್ಟಿಯನ್ನು ಸಿ.ಡಿ.ಗೆ ಹಾಕಿ, ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ. ಇವನದ್ದು ಬಟನ್ ಒತ್ತುವ ವ್ಯವಹಾರ ಅಲ್ಲ. ಬರಿಯ ಅಕ್ಷರದ ಫೈಲು, ಸಾಲಿಗೊಬ್ಬರು. ಆದರೆ ಒಬ್ಬೊಬ್ಬರ ಮುಂದೆಯೂ ಕೊನೆಗೆ ಕೊಟ್ಟ ತಾರೀಕು, ಯಾರ ಮೂಲಕ ಹೇಳಿಕಳಿಸಬೇಕು, ಬಸ್ಸು ಎಲ್ಲಿ ಸಿಗುತ್ತದೆ, ಮನೆಯಲ್ಲಿ ಯಾರ ಒಪ್ಪಿಗೆ ಬೇಕು, ಎಲ್ಲ ಉಂಟು. ಇದು ಡೆಬಿಯನ್ ಬುದ್ಧಿ. ಒಂದನ್ನು ಕೇಳಿದರೆ ಅದರ ಹಿಂದೆ ಬೇಕಾದ ಹತ್ತನ್ನು ತಾನೇ ಹುಡುಕಿ, ಮೂರನೆಯ ಸಿ.ಡಿ. ಹಾಕಿ ಎಂದು ಕೇಳಿ ತರುತ್ತದೆ. ಆದರೆ ಮೊದಲು ಅದನ್ನು ಕಂಪ್ಯೂಟರಿಗೆ ಹಾಕುವಾಗ ಯಂತ್ರದ ಹೊಟ್ಟೆಯೊಳಗಿನದೆಲ್ಲ ನಾವೇ ಹೇಳಿಕೊಡಬೇಕು. ಇಮ್ತಿಯಾಝನ ಪಟ್ಟಿಯೂ ಹಾಗೆ, ಪಕ್ಕದಲ್ಲಿ ಇಮ್ತಿಯಾಝ್ ಇದ್ದರೆ ಮಾತ್ರ ಅರ್ಥವಾಗುತ್ತದೆ. ಹೆಸರುಗಳು ಅವನು ಬಾಯಲ್ಲಿ ಕರೆಯುವ ಹಾಗೆಯೇ ಇವೆ. ಓ ನೆಗೆಟಿವ್ ಇಬ್ಬರು. ಮೊಯಿದಿನಬ್ಬ. ಇನ್ನೊಂದು, ನಿಜಕ್ಕೂ ಹೀಗೆಯೇ ಬರೆದಿದ್ದಾನೆ, "ಸೋಡಾದ ಅಣ್ಣ".

ಎರಡು ಮತ್ತು ಎರಡು, ನಾಲ್ಕು! ಡಾಕ್ಟರಮ್ಮ ಕೇಳಿದ್ದು ಇಬ್ಬರನ್ನು. ನಿಝಾರ್‌ಗೆ ಫೋನು ಮಾಡಿ ಹೇಳಿದೆ. ತಾವು ಕೆಲಸ ಮಾಡುವ ಟಯರ್ ಅಂಗಡಿಯ ಸದ್ದಿನ ನಡುವೆ ಅವರು "ಅಲ್‌ಹಮ್ದುಲಿಲ್ಲಾ" ಎಂದದ್ದು ಎರಡು ಸಲ ಕೇಳಿಸಿತು.

4 ಜನವರಿ 2005, ಮಂಗಳವಾರ

ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಂಡಿತು. ಸ್ವಲ್ಪವೇ. ನಿಂತಿತು. ಇನ್ನು ಕಾಲೇಜಿಲ್ಲ, ಮಲಗಿರಬೇಕು.

ಬರೆಯಲು ಕೈ ಬರುವುದಿಲ್ಲ.

11 ಜನವರಿ, ಮಂಗಳವಾರ

ನಾಲ್ಕು ಮಂದಿ ಇದ್ದಾರೆ, ನಾಲ್ಕು ಮಂದಿ ಇದ್ದಾರೆ ಎಂದು ಒಂದು ವಾರ ಹೇಳಿಕೊಂಡೇ ಮಲಗಿದ್ದೆ. ಹೊತ್ತು ಹೋಗದೆ ಪ್ರಬಂಧವನ್ನೂ ಮುಂದುವರಿಸಿದೆ. ಒಂದು ಕಡೆ ತಮಾಷೆಗೆಂದು ಬರೆದಿದ್ದೆ: ವೆಬ್ ಸರ್ವರ್ ಎರಡರಲ್ಲಿಯೂ ಒಂದೇ, ಆದರೆ ಡೆಬಿಯನ್‌ನವರು ಅದನ್ನು ಅಪಾಚೆ ಎಂದು ಕರೆಯುತ್ತಾರೆ, ರೆಡ್ ಹ್ಯಾಟಿನವರು ಎಚ್‌ಟಿಟಿಪಿಡಿ ಎನ್ನುತ್ತಾರೆ. ಎರಡರ ಪಟ್ಟಿಯನ್ನೂ ಕೂಡಿಸುವ ಮೂರ್ಖರು ಯಾರಾದರೂ ಇದ್ದರೆ ಒಂದನ್ನೇ ಎರಡೆಂದು ಲೆಕ್ಕ ಹಾಕಿಯಾರು.

ಮಧ್ಯಾಹ್ನ ವೇಣೂರಿನ ಪಿ.ಪಿ. ನಂಬರಿಗೆ ಫೋನು ಮಾಡಿದೆ. ಅದು ಒಂದು ದಿನಸಿ ಅಂಗಡಿ. ಸಂಕಪ್ಪ ಅವರು ಇದ್ದಾರಾ ಎಂದು ಕೇಳಿದೆ.

"ಸಂಕಪ್ಪಣ್ಣನಾ? ಅವರು ಈಗ ಸಿಗುದಿಲ್ಲ. ಸೋಡಾದ ಗಾಡಿ ತಕ್ಕೊಂಡು ವಾಮದಪದವು ಕಡೆ ಹೋಗಿದ್ದಾರೆ."

ಸೋಡಾ ಎಂದ ಕೂಡಲೇ ಇಮ್ತಿಯಾಝನ ಪಟ್ಟಿಯನ್ನು ಕೈಗೆತ್ತಿಕೊಂಡೆ. ಆ ಪುಣ್ಯಾತ್ಮ ಫೋನು ಇಡದೆ, "ರಕ್ತಕ್ಕಾದ್ರೆ ಈಗ ಅವರಿಗೆ ಆಗ್ಲಿಕ್ಕಿಲ್ಲ ಅಮ್ಮ. ಮೊನ್ನೆ ಆದಿತ್ಯವಾರ ಸುನಾಮಿಯವರಿಗೆ ಅಂತ ಇಲ್ಲಿ ಕ್ಯಾಂಪ್ ಇತ್ತು. ಅದರಲ್ಲಿ ಕೊಟ್ಟಿದ್ದಾರೆ" ಎಂದರು.

ಸೋಡಾದ ಅಣ್ಣ ಎಂದರೆ ಬರ್ಕೆ ಸಂಕಪ್ಪ. ಒಮ್ಮೆ ಕೊಟ್ಟರೆ ಮೂರು ತಿಂಗಳು ಕೊಡುವಂತಿಲ್ಲ. ನಾಲ್ವರಲ್ಲಿ ಇಬ್ಬರು ಒಂದೇ ಏಟಿಗೆ ಹೋದರು. ಮೂರ್ಖಳು ನಾನೇ. ಮಲಗಿದಲ್ಲೇ ಅತ್ತೆ. ಅಳುವಾಗ ಹೊಟ್ಟೆ ಬಿಗಿದುಕೊಳ್ಳುತ್ತದೆ ಎಂದು ಅದಕ್ಕೂ ಹೆದರಿ ನಿಲ್ಲಿಸಿದೆ.

12 ಜನವರಿ

ಮೊಯಿದಿನಬ್ಬರಿಗೆ ಅರವತ್ತನಾಲ್ಕು ವರ್ಷ, ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್. ತಾನು ಕೊಟ್ಟೇ ಕೊಡುತ್ತೇನೆ ಎಂದು ಹಟ ಮಾಡಿದರಂತೆ. ಡಾಕ್ಟರಮ್ಮ ಸಾಧ್ಯವೇ ಇಲ್ಲ ಎಂದರು.

ಇನ್ನು ಉಳಿದದ್ದು ಭೋಜ ಒಬ್ಬರು.

15 ಜನವರಿ, ಶನಿವಾರ

ಭವಿತ್‌ನನ್ನೂ ಇಮ್ತಿಯಾಝನನ್ನೂ ಮನೆಗೆ ಕರೆಸಿದೆ. ಇನ್ನೊಬ್ಬ ಬರುತ್ತಾನೆ ಎಂದು ಇಬ್ಬರಿಗೂ ಹೇಳಿರಲಿಲ್ಲ. ಬಾಗಿಲಲ್ಲಿ ಎದುರಾಗಿ ಇಬ್ಬರೂ ಚಪ್ಪಲಿ ಬಿಚ್ಚುತ್ತಾ ನಿಂತೇ ಇದ್ದರು. ನಾನು ಮಂಚದಿಂದಲೇ ಗದರಿದೆ. "ಒಳಗೆ ಬನ್ನಿ. ನನಗೆ ಎದ್ದು ಬರ್ಲಿಕ್ಕೆ ಆಗುದಿಲ್ಲ."

ಬಂದು ಕುಳಿತರು. ಭವಿತ್ ಮೊದಲು ಶುರು ಮಾಡಿದ, ಗೋಡೆಯನ್ನು ನೋಡಿಕೊಂಡು. "ಸೋಡಾದ ಅಣ್ಣ ಅಂತ ಪಟ್ಟಿಯಲ್ಲಿ ಬರೀತಾರಾ ಯಾರಾದ್ರೂ?"

"ಕೊಟ್ಟ ತಾರೀಕು ಇಲ್ಲದ ಪಟ್ಟಿ ಯಾರಾದ್ರೂ ಇಡ್ತಾರಾ?" ಎಂದು ಇಮ್ತಿಯಾಝ್ ಕಿಟಕಿಗೆ ಹೇಳಿದ.

ಪುನಃ ಅದೇ. ನನಗೆ ಸಿಟ್ಟು ನೆತ್ತಿಗೇರಿತು. ಎರಡು ಪಟ್ಟಿಯ ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೆ, ಮಲಗಿ ಮಲಗಿ ನೂರು ಸಲ ಓದಿದ್ದೆ. ಅವನದ್ದರಲ್ಲಿ ಇಲ್ಲದ್ದು ಇವನದ್ದರಲ್ಲಿ ಉಂಟು, ಇವನದ್ದರಲ್ಲಿ ಇಲ್ಲದ್ದು ಅವನದ್ದರಲ್ಲಿ ಉಂಟು, ಕೂಡಿಸಿದರೆ ಎಲ್ಲ ಸರಿಯಾಗುತ್ತದೆ ಎಂದೇ ನನ್ನ ಪ್ರಬಂಧವೂ ಹೇಳುತ್ತಿತ್ತು. ಅದನ್ನೇ ಅವರಿಗೆ ಹೇಳಲು ಹೊರಟು, ಪ್ರಿಂಟನ್ನು ಎತ್ತಿ ಹಿಡಿದವಳು ಅದನ್ನೇ ಇನ್ನೊಮ್ಮೆ ನೋಡಿದೆ. ಬೆಳಿಗ್ಗೆಯಿಂದ ಏನೋ ಕೊರೆಯುತ್ತಿತ್ತು, ಅದು ಈಗ ಕಂಡಿತು.

"ಇದರಲ್ಲಿ ಹೆಂಗಸರು ಎಲ್ಲಿದ್ದಾರೆ?" ಎಂದು ಕೇಳಿದೆ.

ಇಬ್ಬರೂ ನನ್ನನ್ನು ನೋಡಿದರು.

"ಯುವಕ ಮಂಡಲ ಅಲ್ವಾ" ಎಂದ ಭವಿತ್.

"ಹೆಂಗಸರ ಹೆಸರು, ಫೋನ್ ನಂಬರ್ ಹಾಕಿದ್ರೆ ಮನೆಯವರು ಬಿಡ್ತಾರಾ?" ಎಂದ ಇಮ್ತಿಯಾಝ್.

"ಹೌದು, ಅದೇ" ಎಂದ ಭವಿತ್. ಎರಡು ವರ್ಷದಲ್ಲಿ ಇಬ್ಬರೂ ಒಪ್ಪಿದ ಮೊದಲ ಮಾತು ಇದು!

ನಾನು ಭವಿತ್‌ನ ಪಕ್ಕದ ಕುರ್ಚಿಯಲ್ಲಿ ನಾಲ್ಕು ವರ್ಷ ಕುಳಿತವಳು. ಇಮ್ತಿಯಾಝನ ಜೊತೆ ಆಡಿ ಬೆಳೆದವಳು. ನಾನೇ ಓ ನೆಗೆಟಿವ್. ನನ್ನ ಹೆಸರೂ ಎರಡರಲ್ಲಿಯೂ ಇಲ್ಲ. ಇಬ್ಬರಲ್ಲಿಯೂ ಇಲ್ಲದ್ದನ್ನು ಒಬ್ಬರು ಇನ್ನೊಬ್ಬರಿಂದ ಕಲಿಯುವುದು ಹೇಗೆ? ಪ್ರಬಂಧದಲ್ಲಿ ಇದಕ್ಕೆ ಉತ್ತರ ಇಲ್ಲ.

ರಕ್ತದ ಗುಂಪು ಮನೆತನದಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಎಲ್ಲರದ್ದೂ ನೋಡಿಸಿ ಆಗಿದೆ, ಯಾರದ್ದೂ ಓ ನೆಗೆಟಿವ್ ಅಲ್ಲ. ಅಣ್ಣನದ್ದು ಓ ನೆಗೆಟಿವ್ ಆದರೆ ತಂಗಿಯದ್ದೂ ಆಗಿರಬಹುದು. "ಸಂಕಪ್ಪಣ್ಣನಿಗೆ ಅಕ್ಕತಂಗಿಯರು ಇದ್ದಾರಾ?" ಎಂದು ಕೇಳಿದೆ. ಭವಿತ್‌ಗೆ ಗೊತ್ತಿಲ್ಲ. ಸೋಡಾದ ಅಣ್ಣನಿಗೆ ತಂಗಿ ಇದ್ದಾಳೆ ಎಂದು ಇಮ್ತಿಯಾಝ್ ಹೇಳಿದ, ಆದರೆ ಮನೆ ಎಲ್ಲಿ ಎಂದು ಗೊತ್ತಿಲ್ಲ. ಮನೆ ಭವಿತ್‌ಗೆ ಗೊತ್ತು. ಇಬ್ಬರೂ ಒಟ್ಟಿಗೆ ಹೋದರು.

19 ಜನವರಿ, ಬುಧವಾರ

ನೀಲಾವತಿಯಕ್ಕ ಬಂದಿದ್ದರು, ವೇಣೂರಿನ ಬಸ್ಸಿನಲ್ಲಿ, ಅಣ್ಣ ಸಂಕಪ್ಪನ ಜೊತೆ. ಮೂವತ್ತೈದರ ಪ್ರಾಯ ಇರಬಹುದು. ಬೆರಳ ತುದಿಯೆಲ್ಲ ಬೀಡಿ ಎಲೆಯ ಬಣ್ಣ. ಹೆರಿಗೆಯಾದಾಗ ಆಸ್ಪತ್ರೆಯಲ್ಲಿ ಕೊಟ್ಟ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದರು. ಓ ನೆಗೆಟಿವ್.

"ನಿಮಗೆ ಗೊತ್ತಿತ್ತಾ ಅಕ್ಕ?" ಎಂದು ಕೇಳಿದೆ.

"ಗೊತ್ತಿಲ್ಲದೆ ಎಂತ! ಹನ್ನೊಂದು ವರ್ಷದಿಂದ ಗೊತ್ತುಂಟು. ಕ್ಯಾಂಪಿಗೆ ಪ್ರತಿ ಸಲ ಚಹಾ ಮಾಡುದು ನಾನೇ. ನಿಮ್ಮದು ಯಾವ ಗುಂಪು ಅಂತ ಯಾರೂ ಕೇಳ್ಲಿಲ್ಲ."

ಸಂಕಪ್ಪಣ್ಣ ತಲೆ ತಗ್ಗಿಸಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಮೂಡುಬಿದಿರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನೋಡಿಸಿದರೆ ಅವರ ಹಿಮೋಗ್ಲೋಬಿನ್ ಹನ್ನೊಂದು ಮುಕ್ಕಾಲು. ಹನ್ನೆರಡೂವರೆ ಇಲ್ಲದಿದ್ದರೆ ಬ್ಲಡ್ ಬ್ಯಾಂಕಿನವರು ತೆಗೆದುಕೊಳ್ಳುವುದಿಲ್ಲ. ಮೂರು ವಾರ ಉಂಟು. ಆ ಮುಕ್ಕಾಲಿನ ಮೇಲೆ ನನ್ನ ಜೀವ ಉಂಟು. ಇಷ್ಟು ಸಣ್ಣ ಸಂಖ್ಯೆಗೆ ಇಷ್ಟು ಹೆದರಿದ್ದು ನಾನು ಇದೇ ಮೊದಲು.

24 ಜನವರಿ

ಬಕ್ರೀದ್ ಹಬ್ಬ ಮುಗಿಯಿತು. ನೀಲಾವತಿಯಕ್ಕನಿಗೆ ರಕ್ತ ಹೆಚ್ಚಲಿ ಎಂದು ಉಮ್ಮ ಆಡಿನ ಲಿವರ್ ಹುರಿದು, ಖರ್ಜೂರದ ಜೊತೆ ಡಬ್ಬಿಗೆ ತುಂಬಿ ವೇಣೂರಿನ ಬಸ್ಸಿನಲ್ಲಿ ಕಳಿಸಿದರು. ಡಬ್ಬಿ ಖಾಲಿಯಾಗಿ ಸಂಜೆಯ ಬಸ್ಸಿಗೆ ವಾಪಸ್. ನಾಳೆ ಪುನಃ. "ಅವಳು ಸರಿಯಾಗಿ ತಿಂತಾಳಾ, ಇಲ್ಲ ಮಕ್ಕಳಿಗೆ ಹಂಚ್ತಾಳಾ?" ಎಂದು ಉಮ್ಮನಿಗೆ ಒಂದೇ ಚಿಂತೆ. ಮಕ್ಕಳಿಗೂ ಸೇರಿಸಿ ಕಳಿಸಿ ಎಂದೆ.

ಸೆಮಿನಾರಿಗೆ ನಾನು ಹೋಗಲಿಲ್ಲ. ನನ್ನ ಅರ್ಧ ಪ್ರಬಂಧವನ್ನು ಭವಿತ್ ಓದಿದನಂತೆ, ಡೆಬಿಯನ್‌ನ ಭಾಗವನ್ನೂ ಬಿಡದೆ.

5 ಫೆಬ್ರವರಿ, ಶನಿವಾರ

ನೀಲಾವತಿಯಕ್ಕನದ್ದು ಈಗ ಹನ್ನೆರಡು ಪಾಯಿಂಟ್ ನಾಲ್ಕು. ಇನ್ನೂ ಪಾಯಿಂಟ್ ಒಂದು ಬೇಕು. ಮುಂಜಾನೆ ಸ್ವಲ್ಪ ರಕ್ತ ಕಂಡಿತು, ಯಾರಿಗೂ ಹೇಳಲಿಲ್ಲ. ಆಮೇಲೆ ಹೆದರಿಕೆ ತಡೆಯದೆ ನಿಝಾರ್‌ಗೆ ಹೇಳಿದೆ. ಕಾರು ಮಾಡಿ ಮಂಗಳೂರಿಗೆ ಬಂದೆವು. ಇನ್ನು ಆಪರೇಷನ್‌ವರೆಗೆ ಇಲ್ಲಿಯೇ.

9 ಫೆಬ್ರವರಿ, ಬುಧವಾರ, ಆಸ್ಪತ್ರೆ

ಬೆಳಿಗ್ಗೆ ರಕ್ತ ಕೊಡುವ ಇಬ್ಬರೂ ಬಂದರು, ಭೋಜ ಮತ್ತು ನೀಲಾವತಿಯಕ್ಕ. ಭೋಜ ಅವರಿಗೆ ಮೈ ಬಿಸಿ ಉಂಟೆಂದು ಬ್ಲಡ್ ಬ್ಯಾಂಕಿನವರು ವಾಪಸ್ ಕಳಿಸಿದರು. ಹೋಗುವಾಗ ಅವರು ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನುವ ಹಾಗೆ ಕೈ ಮುಗಿದರು. ಜ್ವರ ಬಂದದ್ದು ಅವರ ತಪ್ಪಾ?

ನೀಲಾವತಿಯಕ್ಕನ ಬೆರಳು ಚುಚ್ಚಿ ನೋಡಿದರು. ಹನ್ನೆರಡೂವರೆ. ಸರಿಯಾಗಿ ಹನ್ನೆರಡೂವರೆ. ಒಂದು ಬಾಟಲಿ ಆಯಿತು. ಅಕ್ಕ ತೋಳು ಮಡಚಿಕೊಂಡು ನನ್ನ ಹಾಸಿಗೆಯ ಹತ್ತಿರ ಬಂದು, "ಎಂತ ಆಗುದಿಲ್ಲ. ನನ್ನದು ಗಟ್ಟಿ ರಕ್ತ" ಎಂದರು. ಅವರ ಕೈ ತಣ್ಣಗಿತ್ತು, ಹೆದರಿದ್ದರು ಅಂತ ಕಾಣುತ್ತದೆ. ನಾನು ಅವರ ಕೈ ಬಿಡಲೇ ಇಲ್ಲ.

ಇಬ್ಬರು ಬೇಕು ಎಂದಿದ್ದರು, ಒಬ್ಬರಾದರು. ಕಾಯುವಂತಿಲ್ಲ ಎನ್ನುತ್ತಾರೆ ಡಾಕ್ಟರಮ್ಮ. ಕಾಗದಕ್ಕೆ ನಿಝಾರ್ ಸಹಿ ಹಾಕಿದರು. ಅವರ ಸಹಿ ಅವರ ಸಹಿಯ ಹಾಗೆ ಇರಲಿಲ್ಲ.

ನಾಳೆ ಒಂಬತ್ತಕ್ಕೆ. ನಾನು ಬರದಿದ್ದರೆ ಈ ಡೈರಿಯನ್ನು ಯಾರೂ ಓದಬೇಡಿ. ಬಂದರೆ ನಾನೇ ಓದುತ್ತೇನೆ.

21 ಫೆಬ್ರವರಿ, ಸೋಮವಾರ

ಬಂದೆ.

ಹೆಣ್ಣು ಮಗು. ರಿಫಾ ಎಂದು ಹೆಸರು. ಎರಡೂಕಾಲು ಕಿಲೋ.

ರಕ್ತ ತುಂಬ ಹೋಯಿತಂತೆ. ಆ ಒಂದು ಬಾಟಲಿ ಪೂರ್ತಿ ಹಿಡಿಯಿತು. ಇನ್ನೊಂದು ಬೇಕಾಗುತ್ತದೆ ಎಂದು ಹೊರಗೆ ಹೇಳಿಕಳಿಸಿದರಂತೆ. ಹೊರಗೆ ಕೊಡುವವರು ಯಾರೂ ಇರಲಿಲ್ಲ. ಅಷ್ಟರಲ್ಲಿ ನಿಂತಿತು. ಎಷ್ಟು ಹೊತ್ತು ಹಾಗೆ ಇತ್ತು ಎಂದು ನಿಝಾರ್‌ರಲ್ಲಿ ಕೇಳಿದೆ. "ಗೊತ್ತಿಲ್ಲ" ಎಂದು ಎದ್ದು ಹೊರಗೆ ಹೋದರು.

6 ಮಾರ್ಚ್, ಆದಿತ್ಯವಾರ

ಭವಿತ್, ಇಮ್ತಿಯಾಝ್ ಒಂದೇ ಬೈಕಿನಲ್ಲಿ ಬಂದರು. ಮಗುವನ್ನು ಎತ್ತಿಕೊಳ್ಳಲು ಇಬ್ಬರಿಗೂ ಧೈರ್ಯ ಇಲ್ಲ. ದೂರದಿಂದಲೇ ನೋಡಿ, "ಚಂದ ಉಂಟು" ಎಂದರು.

ಎರಡು ಪಟ್ಟಿಯನ್ನೂ ಒಂದು ಮಾಡಿ, ಸಿ.ಡಿ.ಯಲ್ಲಿ ತಂದು ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿದರು. ಭವಿತ್‌ನ ಪ್ರೋಗ್ರಾಂ, ಇಮ್ತಿಯಾಝನ ಕಾಲಂಗಳು. ಒಬ್ಬರಿಗೆ ಊರಿಗೊಂದು ಹೆಸರಿದ್ದರೆ ಎಲ್ಲವೂ ಒಂದೇ ಸಾಲಿನಲ್ಲಿ. ಆದರೆ ಮಾಹಿತಿ ಇರುವುದು ಬರಿಯ ಅಕ್ಷರದ ಫೈಲಿನಲ್ಲಿ, ಯಾವ ಲಿನಕ್ಸಿನಲ್ಲಿಯೂ ಓದಬಹುದು, ಏನೂ ಇಲ್ಲದಿದ್ದರೆ ಕಾಗದಕ್ಕೆ ಪ್ರಿಂಟ್ ತೆಗೆದು ಓದಬಹುದು. ಹೆಂಗಸರು ಈಗ ಮೂವತ್ತೊಂದು. ಮನೆಮನೆಗೆ ಹೋಗಿ ಕೇಳಿದವರು ನೀಲಾವತಿಯಕ್ಕ ಮತ್ತು ಉಮ್ಮ. ಅವರಲ್ಲಿ ಓ ನೆಗೆಟಿವ್ ಇನ್ನೂ ಒಬ್ಬರು, ಬೆಳ್ತಂಗಡಿ ಹತ್ತಿರದವರು. ಯಾವ ಸಾಲಿನಲ್ಲಿಯೂ "ಯಾರ ಮೂಲಕ ಹೇಳಿಕಳಿಸಬೇಕು" ಎಂಬಲ್ಲಿ ಖಾಲಿ ಬಿಡುವ ಹಾಗಿಲ್ಲ, ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗದ ಹಾಗೆ ಮಾಡಿದ್ದಾರೆ.

ನನ್ನ ಹೆಸರು ಹಾಕಿಸಿದೆ, ಒಂದು ವರ್ಷದ ನಂತರ ಕೊಡಬಹುದು ಎಂದು. ಮತ್ತೆ ನಿನ್ನೆ ಬಂದ ರಿಪೋರ್ಟನ್ನು ಅವರ ಮುಂದೆ ಇಟ್ಟೆ. ರಿಫಾಳದ್ದೂ ಓ ನೆಗೆಟಿವ್. ಅದನ್ನು ಓದಿದಾಗಿನಿಂದ ನನಗೆ ಊಟ ಸೇರಿಲ್ಲ. ಮುಂದೆ ಇವಳೂ ಒಂದು ದಿನ ಹೀಗೆಯೇ ಬೇಡುತ್ತಾ ಮಲಗಬಾರದು.

"ಇವಳನ್ನೂ ಹಾಕುವ" ಎಂದೆ.

"ಹದಿನೆಂಟು ಆಗ್ಬೇಕಲ್ವಾ" ಎಂದ ಭವಿತ್.

"ಆಗುವಾಗ ಆಗ್ಲಿ. ಈಗಲೇ ಬರಿ."

ಅವನು ಬರೆದ. ರಿಫಾ. ತೋಡಾರು. ಓ ನೆಗೆಟಿವ್. ಕೊಡಬಹುದಾದ ತಾರೀಕು, 10 ಫೆಬ್ರವರಿ 2023. ಕಂಪ್ಯೂಟರ್ ಮುಂದೆ ಹೋಗಲಿಲ್ಲ.

"ಯಾರ ಮೂಲಕ ಹೇಳಿಕಳಿಸ್ಬೇಕು ಅಂತ ಹಾಕ್ಲಿಕ್ಕುಂಟು. ನಿಝಾರ್ ಅಂತ ಹಾಕುವುದಾ?" ಎಂದು ಇಮ್ತಿಯಾಝ್ ಕೇಳಿದ.

ಕೀಬೋರ್ಡನ್ನು ನನ್ನ ಕಡೆಗೆ ಎಳೆದುಕೊಂಡೆ. 2023ಕ್ಕೆ ಹೇಳಿಕಳಿಸಬೇಕಾದವರು ಎಂಬಲ್ಲಿ ನಾನೇ ಒತ್ತಿದೆ: ತಾಯಿ, ಮಿಸ್ರಿಯಾ.